ತಟ್ಟೆಯ ಮುಂದಿನ ಜಗಳ ನಿಲ್ಲಿಸಿದ ಕ್ಲಿನಿಕ್

ಅಣ್ಣನನ್ನು ಕರೆದುಕೊಂಡು ಐದು ತಿಂಗಳು ಓಡಾಡಿದ ಒಂದು ಕ್ಲಿನಿಕ್ ಬಗ್ಗೆ ಬರೆಯುತ್ತಿದ್ದೇನೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ಒಳಗೇ, ವಾರಕ್ಕೆ ಒಂದು ಮಧ್ಯಾಹ್ನ ಮಾತ್ರ ನಡೆಯುತ್ತದೆ. ಬಾಗಿಲ ಮೇಲೆ 'ಪೋಷಣೆ ಮತ್ತು ಸ್ನಾಯುಕ್ಷಯ' ಎಂಬ ಸಣ್ಣ ಬೋರ್ಡು. ಒಳಗೆ ಒಬ್ಬ ಡಾಕ್ಟರು, ಒಬ್ಬ ಡಯಟಿಷಿಯನ್, ಒಬ್ಬ ಫಿಸಿಯೋಥೆರಪಿಸ್ಟ್, ಅಷ್ಟೇ. ಇಂಥ ಕ್ಲಿನಿಕ್ ಇದೆ ಅಂತ ನಮಗೆ ಗೊತ್ತಾಗುವಷ್ಟರಲ್ಲಿ ಅಣ್ಣ ಒಂಬತ್ತು ಕೆ.ಜಿ. ಇಳಿದಾಗಿತ್ತು. ಕ್ಯಾನ್ಸರ್ ಇರುವವರ ಮನೆಯಲ್ಲಿ ಅಡುಗೆ ಮಾಡುವ ಜವಾಬ್ದಾರಿ ನಿಮ್ಮದಾಗಿದ್ದರೆ ಇದನ್ನು ದಯವಿಟ್ಟು ಕೊನೆಯವರೆಗೆ ಓದಿ.

ಅಣ್ಣನಿಗೆ 58. ಮರಗೆಲಸ ಮಾಡುತ್ತಿದ್ದವನು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಕಾಯಿಲೆಗೆ ಮುಂಚೆ 71 ಕೆ.ಜಿ. ಇದ್ದವನು ಐದು ತಿಂಗಳಲ್ಲಿ 62ಕ್ಕೆ ಬಂದ. ಕೆನ್ನೆ ಇಳಿದಿದ್ದನ್ನು ಎಲ್ಲರೂ ನೋಡಿದರು. ನನಗೆ ಗಾಬರಿಯಾಗಿದ್ದು ಬೇರೆ ಕಡೆ. ಮರದ ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೆ ಎದ್ದು ನಿಲ್ಲುತ್ತಿದ್ದ. ಕೇಳಿದರೆ, 'ಮೂಳೆ ಒತ್ತುತ್ತೆ' ಅನ್ನುತ್ತಿದ್ದ. ಟವೆಲ್ ನಾಲ್ಕು ಮಡಿಕೆ ಮಾಡಿ ಹಾಕಿಕೊಡುತ್ತಿದ್ದೆ. ಕೂರುವ ಜಾಗದ ಮಾಂಸವೇ ಹೋಗಿತ್ತು.

ಆ ತಿಂಗಳುಗಳಲ್ಲಿ ನಮ್ಮಿಬ್ಬರ ನಡುವೆ ಆಡಬಾರದ ಮಾತುಗಳಾದವು. ನಾನು ಬಡಿಸುವುದು, ಅವನು ನಾಲ್ಕು ತುತ್ತಿಗೆ ತಟ್ಟೆ ತಳ್ಳುವುದು, 'ತಿನ್ನದಿದ್ದರೆ ಬದುಕೋದು ಹೇಗೆ' ಅಂತ ನಾನು ಕೂಗುವುದು. ಒಂದು ರಾತ್ರಿ ಅವನು 'ನನ್ನ ಕೈಲಿ ಆಗಲ್ಲ ಅಂದರೆ ನಿನಗೆ ಯಾಕೆ ನಂಬಿಕೆ ಬರಲ್ಲ' ಅಂತ ಕೇಳಿ ಮಗ್ಗಲು ತಿರುಗಿ ಮಲಗಿದ. ಅದಕ್ಕೂ ಮೊದಲು ಬೇರೊಂದು ಕಡೆ ತೋರಿಸುತ್ತಿದ್ದೆವು. ಅಲ್ಲಿ ರಕ್ತಪರೀಕ್ಷೆಯ ಚೀಟಿ ನೋಡಿ, 'ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನು ಕಡಿಮೆ ಇದೆ, ಇನ್ನೂ ಚೆನ್ನಾಗಿ ತಿನ್ನಿಸಿ' ಅಂದಿದ್ದರು. ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ತಪ್ಪು ನನ್ನ ಅಡುಗೆಯದು, ಇಲ್ಲಾ ಅವನ ಹಠದ್ದು ಅಂತಲೇ ತಿಳಿದಿದ್ದೆ.

ಈ ಕ್ಲಿನಿಕ್ಕಿನ ಮೊದಲ ಭೇಟಿ ಒಂದು ಗಂಟೆಗೂ ಹೆಚ್ಚು ಹೊತ್ತು ನಡೆಯಿತು. ಡಯಟಿಷಿಯನ್ ಮೊದಲು ಊಟದ ವಿಚಾರ ಎತ್ತಲೇ ಇಲ್ಲ. ಅಣ್ಣನ ಬಲಗೈ ಹಿಡಿದು, ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಒತ್ತಿಹಿಡಿಯಲು ಹೇಳಿದರು. ಹಾಗೆ ಒತ್ತಿದಾಗ ಎರಡೂ ಬೆರಳಿನ ನಡುವೆ ಗುಬುಟಾಗಿ ಮಾಂಸ ಎದ್ದು ನಿಲ್ಲಬೇಕು. ನನ್ನ ಕೈಯಲ್ಲಿ ಮಾಡಿ ತೋರಿಸಿದರು, ಎದ್ದು ನಿಂತಿತು. ಅಣ್ಣನ ಕೈಯಲ್ಲಿ ಅಲ್ಲಿ ಗುಂಡಿ ಬಿದ್ದಿತ್ತು. ನಲವತ್ತು ವರ್ಷ ಉಳಿ, ಸುತ್ತಿಗೆ ಹಿಡಿದ ಕೈ. ಅವರು ಆ ಗುಂಡಿಯ ಮೇಲೆ ತಮ್ಮ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಣತಲೆ, ಭುಜದ ಮೂಳೆ, ತೊಡೆ ನೋಡಿದರು. ಕಾಲಿನ ಹರಡಿಗೆ ಹೆಬ್ಬೆರಳು ಒತ್ತಿ ನೋಡಿದರು. ಅದೇಕೆ ಅಂತ ಮೂರು ವಾರ ಕಳೆದ ಮೇಲೆ ಗೊತ್ತಾಯಿತು. ತೂಕ ಒಂದೂವರೆ ಕೆ.ಜಿ. ಏರಿದೆ ಅಂತ ನಾನು ಹಿಗ್ಗಿ ಹೇಳಿದಾಗ ಅವರು ಹರಡನ್ನು ಒತ್ತಿದರು, ಕುಳಿ ಹಾಗೇ ಉಳಿಯಿತು. ಏರಿದ್ದು ನೀರು. ತೂಕದ ಯಂತ್ರವೊಂದನ್ನೇ ನಂಬುವ ಮನೆಯವರು ಈ ಪರೀಕ್ಷೆ ಕಲಿತಿರಬೇಕು.

ನಂತರ ಹಿಡಿತ ಅಳೆಯುವ ಯಂತ್ರ. ಮೊಣಕೈ ಲಂಬ ಕೋನದಲ್ಲಿ ಮಡಿಸಿ ಕೂತು, ಮೂರು ಸಲ ಹಿಸುಕಬೇಕು. ಹೆಚ್ಚು ಬಂದ ಅಂಕಿ ಬರೆದುಕೊಳ್ಳುತ್ತಾರೆ. ಗಂಡಸರಿಗೆ 27 ಕೆ.ಜಿ.ಗಿಂತ ಕೆಳಗಿದ್ದರೆ ಶಕ್ತಿ ಕುಂದಿದೆ ಅಂತ ಲೆಕ್ಕವಂತೆ. ಅಣ್ಣನದು 21. ಅವನು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, 'ಇನ್ನೊಂದ್ಸಲ ಕೊಡಿ' ಅಂದ. ಮತ್ತೆ 21.

ಡಾಕ್ಟರು ಹಳೆಯ ರಿಪೋರ್ಟುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ಎರಡು ಅಂಕಿಗೆ ಗೆರೆ ಎಳೆದರು. ಸಿಆರ್‌ಪಿ (ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನು) ಲೀಟರಿಗೆ 48 ಮಿಲಿಗ್ರಾಂ, ಆಲ್ಬುಮಿನ್ ಡೆಸಿಲೀಟರಿಗೆ 2.9 ಗ್ರಾಂ. ಸಿಆರ್‌ಪಿ 10 ದಾಟಿ, ಆಲ್ಬುಮಿನ್ 3.5ಕ್ಕಿಂತ ಕೆಳಗಿದ್ದರೆ ಉರಿಯೂತದ ಮಟ್ಟ ಹೇಳುವ ಗ್ಲಾಸ್ಗೋ ಸ್ಕೋರ್ ಎನ್ನುವ ಲೆಕ್ಕದಲ್ಲಿ ಅದು 2, ಅಂದರೆ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. 'ಇದು ಉಪವಾಸದಿಂದ ಬಂದ ಸೊರಗುವಿಕೆ ಅಲ್ಲಮ್ಮ, ಉರಿಯೂತದ್ದು' ಅಂದರು. ನಾನು ಉರಿಯೂತ ಅಂದರೆ ಗಾಯ ಕೆಂಪಾಗಿ ಊದಿಕೊಳ್ಳುವುದು ಅಂತಷ್ಟೇ ತಿಳಿದವಳು. ಇವನ ಮೈಮೇಲೆ ಎಲ್ಲೂ ಕೆಂಪಿಲ್ಲ, ಊತವಿಲ್ಲ. ಹಾಗಂತ ಕೇಳಿದೆ. ಅವರು ಪೆನ್ನು ಕೆಳಗಿಟ್ಟು ವಿವರಿಸಿದರು. ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ.

ಗಡ್ಡೆ ಮತ್ತು ಅದರ ಸುತ್ತ ಹೋರಾಡುವ ನಮ್ಮದೇ ರಕ್ಷಣಾ ಜೀವಕೋಶಗಳು ರಕ್ತಕ್ಕೆ ಸಂದೇಶದ ಪ್ರೋಟೀನುಗಳನ್ನು ಬಿಡುತ್ತವೆ. ಸೈಟೊಕೈನ್ ಅಂತ ಹೆಸರು. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮುಖ್ಯವಾದವು. ಸೋಂಕು ತಗುಲಿದಾಗ ನಾಲ್ಕು ದಿನ ಕೆಲಸ ಮಾಡಿ ಸುಮ್ಮನಾಗಬೇಕಾದ ವ್ಯವಸ್ಥೆ ಇದು. ಕ್ಯಾನ್ಸರಿನಲ್ಲಿ ಸುಮ್ಮನಾಗುವುದೇ ಇಲ್ಲ. ಸಂದೇಶ ಮಿದುಳಿನ ಹೈಪೊಥಲಾಮಸ್‌ಗೆ ಹೋದರೆ ಹಸಿವು ಸಾಯುತ್ತದೆ. ಜ್ವರ ಬಂದಾಗ ಬಾಯಿ ಕೆಡುತ್ತದಲ್ಲ, ಹಾಗೆ, ಆದರೆ ತಿಂಗಳುಗಟ್ಟಲೆ. ಯಕೃತ್ತಿಗೆ ಹೋದರೆ ಅದು ಆಲ್ಬುಮಿನ್ ತಯಾರಿಸುವುದನ್ನು ತಗ್ಗಿಸಿ ಸಿಆರ್‌ಪಿಯಂಥವನ್ನು ರಾಶಿ ಹಾಕುತ್ತದೆ. ಆ ತಯಾರಿಕೆಗೆ ಬೇಕಾದ ಅಮೈನೊ ಆಮ್ಲಗಳನ್ನು ಸ್ನಾಯುವಿನಿಂದ ಎಳೆದುಕೊಳ್ಳುತ್ತದೆ. ಸ್ನಾಯುವಿನೊಳಗೆ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟುತ್ತದೆ. ಗುರುತು ಬಿದ್ದದ್ದೆಲ್ಲ ಪ್ರೋಟಿಯಾಸೋಮ್ ಎಂಬ ಕತ್ತರಿ ಯಂತ್ರಕ್ಕೆ ಹೋಗಿ ಚೂರಾಗುತ್ತದೆ. ಕೊಬ್ಬೂ ಕರಗುತ್ತದೆ.

ಬರೀ ಉಪವಾಸವಿದ್ದರೆ ದೇಹ ಬುದ್ಧಿವಂತಿಕೆಯಿಂದ ನಡೆದುಕೊಳ್ಳುತ್ತದೆ. ಖರ್ಚು ಇಳಿಸಿ, ಕೊಬ್ಬನ್ನು ಉರಿಸಿ, ಸ್ನಾಯುವನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಊಟ ಸಿಕ್ಕರೆ ಮತ್ತೆ ಕಟ್ಟಿಕೊಳ್ಳುತ್ತದೆ. ಇಲ್ಲಿ ಆ ಸಂಯಮವೇ ಹೋಗಿರುತ್ತದೆ. ಅಣ್ಣ ಇದನ್ನೆಲ್ಲ ಸುಮ್ಮನೆ ಕೇಳುತ್ತಿದ್ದವನು, 'ಅಂದರೆ ಸೌದೆ ತಂದು ಹಾಕಿದರೂ ಬಾಗಿಲು ಚೌಕಟ್ಟು ಕಿತ್ತು ಒಲೆಗೆ ಹಾಕ್ತಾ ಇದೆ' ಅಂದ. ಡಾಕ್ಟರು ಹೌದು ಅಂದರು. ನಾನು ಆ ಕೋಣೆಯಲ್ಲೇ ಅತ್ತುಬಿಟ್ಟೆ. ಅವನು ಹಠ ಮಾಡುತ್ತಿರಲಿಲ್ಲ. ನನ್ನ ಅಡುಗೆಯೂ ಕೆಟ್ಟಿರಲಿಲ್ಲ. ಆಲ್ಬುಮಿನ್ ಊಟದ ಅಳತೆಯೇ ಅಲ್ಲ, ಅದನ್ನು ಮುಖ್ಯವಾಗಿ ಇಳಿಸಿದ್ದು ಉರಿಯೂತ. ಐದು ತಿಂಗಳು ನಾನು ಜಗಳವಾಡಿದ್ದು ಒಂದು ರಾಸಾಯನಿಕದ ಜೊತೆ. ಈ ಕ್ಲಿನಿಕ್ ನಮಗೆ ಬೇರೇನೂ ಕೊಡದೆ ಈ ಒಂದು ವಿವರಣೆ ಕೊಟ್ಟು ಕಳಿಸಿದ್ದರೂ ನಾನು ಇದನ್ನು ಶಿಫಾರಸು ಮಾಡುತ್ತಿದ್ದೆ.

ಈ ಸ್ಥಿತಿಗೆ ಕ್ಯಾಕೆಕ್ಸಿಯಾ ಅಂತ ಹೆಸರು. ಮನೆಗೆ ಬಂದು ಓದಿಕೊಂಡೆ. ಆರು ತಿಂಗಳಲ್ಲಿ ತೂಕ ಶೇ. 5ಕ್ಕಿಂತ ಹೆಚ್ಚು ಇಳಿದರೆ ಹಾಗೆ ಕರೆಯಬಹುದು ಅಂತ 2011ರಲ್ಲೇ ತಜ್ಞರು ಒಮ್ಮತಕ್ಕೆ ಬಂದಿದ್ದಾರೆ. ಮಾಮೂಲಿ ಪೋಷಣೆಯಿಂದ ಇದನ್ನು ಪೂರ್ತಿ ಹಿಂದೆ ತರಲಾಗದು ಅನ್ನುವುದೂ ಅದೇ ವ್ಯಾಖ್ಯೆಯಲ್ಲಿ ಇದೆ. ಅಣ್ಣನದು ಆಗ ಶೇ. 12 ದಾಟಿತ್ತು! 71ರಲ್ಲಿ ನಾಲ್ಕು ಕೆ.ಜಿ. ಹೋದಾಗಲೇ ಯಾರಾದರೂ ಎಚ್ಚರಿಸಬೇಕಿತ್ತು. ಕೀಮೋ ಡೋಸ್ ಲೆಕ್ಕ ಹಾಕಲು ಪ್ರತಿ ಸಲ ತೂಕ ನೋಡುತ್ತಿದ್ದರು. ಅದೇ ಅಂಕಿ ಇಳಿಯುತ್ತಿದೆ ಅಂತ ಒಬ್ಬರೂ ಹೇಳಲಿಲ್ಲ. ಈ ನೋವು ನನಗೆ ಇನ್ನೂ ಹೋಗಿಲ್ಲ.

ನಾನೂ ಎಲ್ಲರಂತೆ ಕೇಳಿದೆ: ಉರಿಯೂತವೇ ಕಾರಣವಾದರೆ ಉರಿಯೂತ ಇಳಿಸುವ ಮಾತ್ರೆ ಕೊಟ್ಟರಾಯಿತಲ್ಲ? ಇದಕ್ಕೆ ಡಾಕ್ಟರು ಕೊಟ್ಟ ಉತ್ತರದಲ್ಲಿ ಸುಳ್ಳು ಭರವಸೆ ಇರಲಿಲ್ಲ. ಟಿಎನ್‌ಎಫ್‌ಗೆ ಇನ್ನೊಂದು ಹೆಸರೇ ಕ್ಯಾಕೆಕ್ಟಿನ್, ಸೊರಗಿಸುವುದು ಅಂತ. ಮೊದಲು ಇವೆರಡು ಬೇರೆ ಬೇರೆ ಪ್ರೋಟೀನು ಅಂತ ತಿಳಿದಿದ್ದರಂತೆ. ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಬ್ಯೂಟ್ಲರ್ ಮತ್ತು ಆಂಥೊನಿ ಸೆರಾಮಿ 1985ರಲ್ಲಿ ಎರಡೂ ಒಂದೇ ಎಂದು ತೋರಿಸಿದರು. ಕಳ್ಳ ಸಿಕ್ಕಿದ ಅಂತಲೇ ಆಗ ಅನ್ನಿಸಿರಬೇಕು. ಆದರೆ ಟಿಎನ್‌ಎಫ್ ತಡೆಯುವ ಇಟಾನರ್ಸೆಪ್ಟ್, ಇನ್‌ಫ್ಲಿಕ್ಸಿಮ್ಯಾಬ್ ಔಷಧಗಳನ್ನು ಕ್ಯಾಕೆಕ್ಸಿಯಾ ರೋಗಿಗಳಿಗೆ ಕೊಟ್ಟು ನೋಡಿದಾಗ ಪ್ರಯೋಜನವಾಗಲಿಲ್ಲ. ಒಂದು ತಂತಿ ಕತ್ತರಿಸಿದರೆ ಸಂದೇಶ ಇನ್ನೊಂದರಲ್ಲಿ ಹರಿಯುತ್ತದೆ. ಸ್ಟೀರಾಯ್ಡ್ ಕೊಟ್ಟರೆ ಕೆಲವು ವಾರ ಹಸಿವು ಬರುತ್ತದೆ, ಹೆಚ್ಚು ದಿನವಾದರೆ ಸ್ಟೀರಾಯ್ಡೇ ಸ್ನಾಯು ತಿನ್ನುತ್ತದೆ. ಐಬುಪ್ರೊಫೆನ್‌ನಂಥ ಮಾತ್ರೆ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಹುದು, ಮೂತ್ರಪಿಂಡಕ್ಕೂ ಕಷ್ಟ, ಅದರಲ್ಲೂ ಕೀಮೋ ನಡೆಯುವಾಗ. ಐಬುಪ್ರೊಫೆನ್, ಮೀನೆಣ್ಣೆ ಇರುವ ಪೇಯ, ವ್ಯಾಯಾಮ, ಆಹಾರ ಸಲಹೆ ಎಲ್ಲ ಸೇರಿಸಿ ಮಾಡಿದ ಮೆನಾಕ್ ಎಂಬ ಅಧ್ಯಯನದ ಫಲಿತಾಂಶ 2024ರಲ್ಲಿ ಬಂತು. ಆರು ವಾರದಲ್ಲಿ ಇವೆಲ್ಲ ಪಡೆದವರ ತೂಕ ನಿಂತಿತು, ಉಳಿದವರದು ಸುಮಾರು ಒಂದು ಕೆ.ಜಿ. ಇಳಿಯಿತು. ಸ್ನಾಯುವಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. 'ನಿಲ್ಲಿಸುವುದೇ ನಮ್ಮ ಗುರಿ. ಹಳೇ 71 ಮರೆತುಬಿಡಿ' ಅಂದರು. ಕೇಳಲು ಕಷ್ಟವಾಯಿತು, ಆದರೆ ಅದಾದ ಮೇಲೆ ನಾನು ಪ್ರತಿ ವಾರ ನಿರಾಶೆಪಡುವುದು ನಿಂತಿತು.

ಅವರು ಬದಲಿಸಿದ್ದು ನಾಲ್ಕು ವಿಷಯ. ಎಲ್ಲಕ್ಕಿಂತ ಬೇಗ ಫಲ ಕೊಟ್ಟದ್ದಕ್ಕೂ ಉರಿಯೂತಕ್ಕೂ ಸಂಬಂಧವೇ ಇಲ್ಲ. ಮೇದೋಜೀರಕ ಗ್ರಂಥಿ ಹಾಳಾದಾಗ ಕೊಬ್ಬು ಜೀರ್ಣಿಸುವ ಕಿಣ್ವ ಕರುಳಿಗೆ ಬರುವುದಿಲ್ಲ. ಮಲ ಜಿಡ್ಡಾಗಿ ನೀರಿನ ಮೇಲೆ ತೇಲುತ್ತದೆ, ದುರ್ನಾತ ಬರುತ್ತದೆ. ಇದನ್ನು ಡಯಟಿಷಿಯನ್ ನೇರವಾಗಿ ಕೇಳಿದರು. ಅಣ್ಣ ನಾಚಿಕೆಪಟ್ಟುಕೊಂಡು ನನ್ನನ್ನು ಹೊರಗೆ ಹೋಗಲು ಹೇಳಿದ. ಕಿಣ್ವದ ಕ್ಯಾಪ್ಸೂಲ್ ನಮಗೆ ಮೊದಲೇ ಬರೆದುಕೊಟ್ಟಿದ್ದರು, ಆದರೆ ಹೇಗೆ ನುಂಗಬೇಕು ಅಂತ ಯಾರೂ ಹೇಳಿರಲಿಲ್ಲ. ನಾವು ಊಟ ಮುಗಿದ ಅರ್ಧ ಗಂಟೆಗೆ ಬೇರೆ ಮಾತ್ರೆಗಳ ಜೊತೆ ಕೊಡುತ್ತಿದ್ದೆವು. ಅದನ್ನು ಮೊದಲ ತುತ್ತಿನ ಜೊತೆ, ಊಟ ದೊಡ್ಡದಾದರೆ ನಡುವೆ ಇನ್ನೊಂದು, ಹಾಲು ಕುಡಿದರೂ ಅದಕ್ಕೂ ಒಂದು ತೆಗೆದುಕೊಳ್ಳಬೇಕು. ಎರಡು ತಿಂಗಳು ತಿಂದದ್ದರಲ್ಲಿ ಎಷ್ಟೋ ಪಾಲು ಮೈಗೆ ಹತ್ತದೆ ಹೋಗಿತ್ತು. ಕ್ರಮ ಸರಿಮಾಡಿದ ಒಂದೇ ವಾರಕ್ಕೆ ಹೊಟ್ಟೆ ಉಬ್ಬರ ಇಳಿಯಿತು.

ಎರಡನೆಯದು ಹಸಿವು ಬರಿಸಲು ರಾತ್ರಿ ಒಂದು ಒಲಾಂಜಪಿನ್ ಮಾತ್ರೆ, 2.5 ಮಿಲಿಗ್ರಾಂ. ಚೀಟಿ ನೋಡಿ ಮನೋರೋಗದ ಮಾತ್ರೆ ಯಾಕೆ ಅಂತ ನಾನು ಬೆಚ್ಚಿದೆ. ಪುದುಚೇರಿಯ ಜಿಪ್ಮರ್‌ನಲ್ಲಿ ಕೀಮೋ ಪಡೆಯುತ್ತಿದ್ದ 124 ಜನರ ಮೇಲೆ ಇದೇ ಸಣ್ಣ ಡೋಸ್ 12 ವಾರ ಪರೀಕ್ಷಿಸಿದ್ದಾರೆ, 2023ರಲ್ಲಿ ಪ್ರಕಟವಾಗಿದೆ ಅಂತ ವಿವರಿಸಿದರು. ತೂಕ ಶೇ. 5ಕ್ಕಿಂತ ಹೆಚ್ಚು ಏರಿದವರು ಔಷಧದ ಗುಂಪಿನಲ್ಲಿ ಶೇ. 60, ಇನ್ನೊಂದು ಗುಂಪಿನಲ್ಲಿ ಶೇ. 9. ಅಣ್ಣನಿಗೆ ಮೊದಲ ನಾಲ್ಕು ದಿನ ಬೆಳಿಗ್ಗೆ ತೂಕಡಿಕೆ ಇತ್ತು. ಆರನೇ ದಿನ ಸಂಜೆ 'ಏನಾದ್ರೂ ಇದ್ಯಾ ತಿನ್ನೋಕೆ' ಅಂತ ಅಡುಗೆಮನೆ ಬಾಗಿಲಿಗೆ ಬಂದು ನಿಂತ. ಏಳು ತಿಂಗಳ ಮೇಲೆ ಅವನು ತಾನಾಗಿ ಕೇಳಿದ್ದು. ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಅವನ ಮುಖವನ್ನೇ ನೋಡಿದೆ. ಈ ಮಾತ್ರೆ ಎಲ್ಲರಿಗೂ ಆಗುವುದಿಲ್ಲ, ನೀವಾಗಿ ತರಿಸಬೇಡಿ, ಡಾಕ್ಟರನ್ನೇ ಕೇಳಿ.

ಮೂರನೆಯದು ಮೀನೆಣ್ಣೆ ಬೆರೆಸಿದ ಪೇಯದ ಪ್ಯಾಕು, ದಿನಕ್ಕೆ ಎರಡು. ಇದರ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇನೂ ಒಳ್ಳೆಯದಿಲ್ಲ. ಇಪಿಎ ಎಂಬ ಕೊಬ್ಬಿನಾಮ್ಲ ಉರಿಯೂತದ ಸಂದೇಶಗಳನ್ನು ತಗ್ಗಿಸುತ್ತದೆ ಎನ್ನುವುದು ಇದರ ಹಿಂದಿನ ಯೋಚನೆ, ಆದರೆ ಅಧ್ಯಯನಗಳ ಫಲಿತಾಂಶ ಒಂದೇ ಥರ ಇಲ್ಲ ಅಂತ ಡಾಕ್ಟರೇ ಒಪ್ಪಿಕೊಂಡರು. ಕುಡಿದ ಮೇಲೆ ತೇಗಿದರೆ ಮೀನಿನ ವಾಸನೆ. ಕೀಮೋ ಆದ ಮೂರು ದಿನ ಪ್ಯಾಕಿನ ಮುಚ್ಚಳ ತೆಗೆದರೆ ಸಾಕು, ಅವನಿಗೆ ವಾಕರಿಕೆ. ಚೆನ್ನಾಗಿ ತಣ್ಣಗೆ ಮಾಡಿ, ಮುಚ್ಚಳವಿರುವ ಲೋಟದಲ್ಲಿ ಕೊಳವೆ ಹಾಕಿ, ಒಂದು ಪ್ಯಾಕನ್ನು ಮೂರು ಗಂಟೆಯ ತನಕ ಗುಟುಕು ಗುಟುಕಾಗಿ ಕುಡಿಸಿದರೆ ಇಳಿಯುತ್ತಿತ್ತು. ಒಂದೂವರೆ ಪ್ಯಾಕು ದಾಟಿದ ದಿನವೇ ಇಲ್ಲ. ಅದರಲ್ಲಿನ ಪ್ರೋಟೀನು, ಕ್ಯಾಲೊರಿಯಿಂದ ಖಂಡಿತ ಅನುಕೂಲವಾಯಿತು. ಕೆ.ಜಿ.ಗೆ ಒಂದರಿಂದ ಒಂದೂವರೆ ಗ್ರಾಂ ಪ್ರೋಟೀನು ಬೇಕು ಅಂದಿದ್ದರು, ಅವನ ತೂಕಕ್ಕೆ 62ರಿಂದ 93 ಗ್ರಾಂ. ಬರೀ ಊಟದಲ್ಲಿ ಅಷ್ಟು ತುಂಬಿಸಲು ಸಾಧ್ಯವೇ ಇರಲಿಲ್ಲ.

ನಾಲ್ಕನೆಯದು ವ್ಯಾಯಾಮ. ಅಚ್ಚು ಹಾಕಿಸಿ ಕೊಟ್ಟ ಹಾಳೆ ಗಟ್ಟಿಮುಟ್ಟಾದವರಿಗೆ ಬರೆದ ಹಾಗಿತ್ತು, ಅಕ್ಷರ ಕೂಡ ಸಣ್ಣದು. ಆದರೆ ಫಿಸಿಯೋಥೆರಪಿಸ್ಟ್ ಹುಡುಗ ಆ ಹಾಳೆ ಪಕ್ಕಕ್ಕಿಟ್ಟು, ಅಣ್ಣ ಏನು ಕೆಲಸ ಮಾಡುತ್ತಿದ್ದ ಅಂತ ಕೇಳಿದ. ಕುರ್ಚಿಯಿಂದ ಕೈ ಊರದೆ ಏಳುವುದು, ರಬ್ಬರ್ ಪಟ್ಟಿ ಎಳೆಯುವುದು, ಜೊತೆಗೆ ದಿನಕ್ಕೆ ಹತ್ತು ನಿಮಿಷ ಮೆತ್ತನೆ ಮರದ ತುಂಡಿಗೆ ಮರಳು ಕಾಗದ ಉಜ್ಜುವುದು. ಅಣ್ಣ ಉಳಿದೆರಡನ್ನು ತಪ್ಪಿಸಿದರೂ ಮರಳು ಕಾಗದ ತಪ್ಪಿಸಲಿಲ್ಲ.

ಆ ನೀರಿನ ಏರಿಕೆ ಬಿಟ್ಟರೆ ಹತ್ತು ವಾರ ತೂಕ 62ರಿಂದ 63ರ ಮಧ್ಯೆ ನಿಂತಿತು. ಹಿಡಿತ 23ಕ್ಕೆ ಏರಿತು. ಸಿಆರ್‌ಪಿ 30ರ ಆಸುಪಾಸಿಗೆ ಇಳಿಯಿತು. ಅದು ಕೀಮೋ ಹಿಡಿದದ್ದರಿಂದಲೋ ಇವರ ಚಿಕಿತ್ಸೆಯಿಂದಲೋ ಬಿಡಿಸಿ ಹೇಳಲಾಗದು ಅಂತ ಡಾಕ್ಟರೇ ಹೇಳಿದರು. ಕೀಮೋದ ಎರಡು ಸುತ್ತು ಡೋಸ್ ತಗ್ಗಿಸದೆ ಮುಗಿಯಿತು. ಮನೆಯಲ್ಲಿ ತಟ್ಟೆಯ ಜಗಳ ನಿಂತಿತು. ನಾನು ಸಣ್ಣ ಬಟ್ಟಲಲ್ಲಿ ಇಟ್ಟು ಹೋಗುತ್ತಿದ್ದೆ, ತಿಂದನೋ ಇಲ್ಲವೋ ಅಂತ ಇಣುಕಿ ನೋಡುತ್ತಿರಲಿಲ್ಲ.

ಕೊರತೆಗಳನ್ನೂ ಹೇಳಬೇಕು. ವಾರಕ್ಕೆ ಒಂದೇ ದಿನವಾದ್ದರಿಂದ ಕಾಯುವುದು ಎರಡು, ಎರಡೂವರೆ ಗಂಟೆ. ಇಲ್ಲಿ ಬರೆದದ್ದು ಕೀಮೋ ವಿಭಾಗದ ಫೈಲಿಗೆ ತಾನಾಗಿ ಹೋಗುವುದಿಲ್ಲ, ಪ್ರತಿ ಸಲ ನಾನೇ ಚೀಟಿ ಹೊತ್ತು ಅಲ್ಲಿ ತೋರಿಸಬೇಕಿತ್ತು. ಮೈಮೇಲೆ ಮಾಂಸವೇ ಇಲ್ಲದವರು ಬಂದು ಕಾಯುವ ಜಾಗದಲ್ಲಿ ಗಟ್ಟಿ ಪ್ಲಾಸ್ಟಿಕ್ ಬೆಂಚು ಹಾಕಿದ್ದಾರೆ. ಮೂರು ಸಲ ಬರೆದುಕೊಟ್ಟೆ, ನಾವು ಹೋಗುವವರೆಗೂ ಬದಲಾಗಲಿಲ್ಲ. ಇದು ಸಣ್ಣ ದೂರಲ್ಲ. ಅಲ್ಲಿ ಎಷ್ಟೋ ಜನ ಗೋಡೆಗೆ ಒರಗಿ ನಿಂತೇ ಕಾಯುತ್ತಿದ್ದರು.

ನಾಲ್ಕನೇ ತಿಂಗಳ ಕೊನೆಗೆ ಗಡ್ಡೆ ಯಕೃತ್ತಿಗೆ ಹರಡಿತು. ಸಿಆರ್‌ಪಿ 110 ಆಯಿತು. ಪೇಯ, ಮಾತ್ರೆ ಎಲ್ಲ ಹಾಗೇ ನಡೆಯುತ್ತಿದ್ದರೂ ಮೂರು ವಾರದಲ್ಲಿ ಐದು ಕೆ.ಜಿ. ಹೋಯಿತು. ನಾನು ಮೂಗಿಗೆ ನಳಿಕೆ ಹಾಕಿ, ಇಲ್ಲಾ ನರಕ್ಕೆ ಪೋಷಣೆಯ ಡ್ರಿಪ್ ಕೊಡಿ ಅಂತ ಬೇಡಿಕೊಂಡೆ. ಡಾಕ್ಟರು ನನ್ನನ್ನು ಗದರಲೂ ಇಲ್ಲ, 'ನೋಡೋಣ' ಅಂತ ಸಾಗಹಾಕಲೂ ಇಲ್ಲ. ಈ ಹಂತದಲ್ಲಿ ಒಳಗೆ ಸುರಿದದ್ದು ಸ್ನಾಯುವಾಗುವುದಿಲ್ಲ, ಕಾಲಿನ ಬಾವು, ಶ್ವಾಸದ ಕಷ್ಟ, ವಾಂತಿ ಹೆಚ್ಚಾಗಬಹುದು ಅಂತ ಅಣ್ಣನ ಎದುರೇ, ಅವನನ್ನು ನೋಡಿಕೊಂಡೇ ವಿವರಿಸಿದರು. ಅವತ್ತು ತೂಕದ ಯಂತ್ರದ ಮೇಲೆ ನಿಲ್ಲಿಸಲಿಲ್ಲ. ಪಥ್ಯ, ಪ್ರೋಟೀನಿನ ಲೆಕ್ಕ ಎಲ್ಲ ಬಿಟ್ಟುಬಿಡಿ, ಅವರಿಗೆ ಯಾವುದು ರುಚಿಸುತ್ತದೋ ಅದು, ಎರಡೇ ಚಮಚವಾದರೂ ಸರಿ ಅಂದರು. ಬಾಯಿ ಒಣಗದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಡಯಟಿಷಿಯನ್ ನನಗೆ ಕಲಿಸಿಕೊಟ್ಟರು.

ಹೊರಡುವ ಮುಂಚೆ ಅಣ್ಣ ಮೇಜಿನ ಮೇಲಿದ್ದ ಹಿಡಿತದ ಯಂತ್ರ ಕೈಗೆತ್ತಿಕೊಂಡ. ಯಾರೂ ಕೇಳಿರಲಿಲ್ಲ. ಹಿಸುಕಿದ, 14 ಬಂತು. ಅಂಕಿ ನೋಡಿ ಯಂತ್ರವನ್ನು ಮೆಲ್ಲಗೆ ಇದ್ದ ಜಾಗದಲ್ಲೇ ಇಟ್ಟ. ಅವನು ಹೋಗಿ ಈಗ ನಾಲ್ಕು ತಿಂಗಳು.

ಜಿಡಿಎಫ್-15 ಎಂಬ ಇನ್ನೊಂದು ಸಂದೇಶ ಮಿದುಳಿನ ಹಿಂಭಾಗದಲ್ಲಿ ಹಸಿವು ಅಡಗಿಸುತ್ತದೆ. ಅದನ್ನು ತಡೆಯುವ ಪಾನ್ಸೆಗ್ರೋಮ್ಯಾಬ್ ಚುಚ್ಚುಮದ್ದನ್ನು 187 ಜನರ ಮೇಲೆ ಪರೀಕ್ಷಿಸಿದ ವರದಿ 2024ರಲ್ಲಿ ಬಂದಿದೆ. ಹೆಚ್ಚಿನ ಡೋಸ್ ಪಡೆದವರ ತೂಕ 12 ವಾರದಲ್ಲಿ, ಔಷಧವಿಲ್ಲದ ಚುಚ್ಚುಮದ್ದು ಪಡೆದವರಿಗಿಂತ ಸುಮಾರು 2.8 ಕೆ.ಜಿ. ಮೇಲಿತ್ತು. ಅಣ್ಣನ ಕಾಲಕ್ಕೆ ಅದು ನಮ್ಮ ಕೈಗೆ ಸಿಗುವಂಥದ್ದಾಗಿರಲಿಲ್ಲ. ನಿಮ್ಮ ಡಾಕ್ಟರನ್ನು ಕೇಳಿ ನೋಡಿ.

ಇಂಥ ಕ್ಲಿನಿಕ್ ನಿಮ್ಮ ಆಸ್ಪತ್ರೆಯಲ್ಲಿ ಇದ್ದರೆ ಕ್ಯಾನ್ಸರ್ ಗೊತ್ತಾದ ವಾರವೇ ಹೆಸರು ಬರೆಸಿ, ಸೊರಗುವವರೆಗೆ ಕಾಯಬೇಡಿ. ಮೊದಲ ಭೇಟಿಗೆ ಹಿಂದಿನ ಆರು ತಿಂಗಳ ತೂಕದ ಅಂಕಿಗಳನ್ನು ತಾರೀಕು ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಸಿಆರ್‌ಪಿ, ಆಲ್ಬುಮಿನ್ ರಿಪೋರ್ಟು, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳು, ಮಲದ ಬಗ್ಗೆ ನಾಚಿಕೆಯಿಲ್ಲದ ಉತ್ತರ, ಇವೆಲ್ಲ ಬೇಕಾಗುತ್ತವೆ. ಜೊತೆಗೆ ಬೆಂಚಿನ ಮೇಲೆ ಹಾಕಿಕೊಳ್ಳಲು ಒಂದು ದಪ್ಪನೆಯ ದಿಂಬು.